ಅವಸರ ಯಾರದು?

ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ ಓಡಾಡಿ ಬೆಳೆದವರಿಗೆ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಬರಹವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಅಕ್ಷರ ಕೂಡಿಸಿ ಓದಲು ಕಲಿತ ದಿನಗಳಲ್ಲಿಯೇ ನಾವು ಅದನ್ನು ಓದಿದವರು. ಗುಜರಾತಿಗೆ ಬಂದ ಮೇಲೆ ಇಲ್ಲಿಯ ಎಸ್.ಟಿ. ಬಸ್ಸುಗಳ ಮೈಮೇಲೆ ಇನ್ನೊಂದು ಬರಹವನ್ನು ಕಂಡೆವು: ‘ಸಲಾಮತ್ ಸವಾರಿ, ಎಸ್.ಟಿ. ಅಮಾರಿ’. ಸುರಕ್ಷಿತವಾದ ಸವಾರಿಯೇ ನಮ್ಮ ಎಸ್.ಟಿ. ಎಂದು ಅದರ ತಾತ್ಪರ್ಯ. ಒಂದು ಎಚ್ಚರಿಕೆಯ ಮಾತು, ಇನ್ನೊಂದು ಭರವಸೆಯ ಮಾತು. ಕೇಂದ್ರ ಸರಕಾರದ ಸೇವೆಯ ನಿಮಿತ್ತ ಅಹಮದಾಬಾದ್, ವಡೋದರಾ, ಸೂರತ್ ಈ ಮೂರೂ ನಗರಗಳಲ್ಲಿ ವಾಸಿಸಿ, ಸಾಧ್ಯವಾದಾಗಲೆಲ್ಲ ಬಸ್ಸಿನಲ್ಲಿಯೇ ಓಡಾಡಿದ ನನ್ನ ಮನಸ್ಸಿನಲ್ಲಿ ಈ ಎರಡು ಬರಹಗಳ ನಡುವೆ ಒಂದು ಪ್ರಶ್ನೆ ಬಹುಕಾಲದಿಂದ ಉಳಿದಿದೆ. ಅವಸರವೇ ಅಪಘಾತಕ್ಕೆ ಕಾರಣವೆಂಬುದು ನಿಜ. ಆದರೆ ಆ ಅವಸರ ಯಾರದು?

ಈ ಪ್ರಶ್ನೆಯನ್ನು ಕನ್ನಡ ಸಂಘದ ಪತ್ರಿಕೆಯಲ್ಲಿ ಏಕೆ ಎತ್ತಬೇಕು ಎಂದು ಕೆಲವು ವಾಚಕ ಮಿತ್ರರಿಗೆ ಅನ್ನಿಸಬಹುದು. ನಾಡು, ನುಡಿ, ಗಡಿ, ಸಾಹಿತ್ಯಗಳ ಚರ್ಚೆಗೆ ಮೀಸಲಾದ ಪುಟಗಳಲ್ಲಿ ಬಸ್ಸಿಗೇನು ಕೆಲಸ? ಎರಡು ಕಾರಣಗಳಿವೆ. ನಾವು ಬದುಕು ಕಟ್ಟಿಕೊಂಡ ಈ ಮೂರು ನಗರಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 48, ಮುಂಬಯಿ, ಪುಣೆ, ಕೊಲ್ಲಾಪುರಗಳನ್ನು ಹಾಯ್ದು ಬೆಳಗಾವಿ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮಾರ್ಗವಾಗಿ ಬೆಂಗಳೂರನ್ನು ಮುಟ್ಟುತ್ತದೆ. ನಮ್ಮ ಇಂದಿನ ಮನೆಗೂ ತವರಿಗೂ ಒಂದೇ ದಾರಿ. ಇನ್ನೊಂದು ಕಾರಣ ಇತಿಹಾಸದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೂ ಅಹಮದಾಬಾದ್, ಸೂರತ್ ಜಿಲ್ಲೆಗಳೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಗಾಯಕವಾಡರ ಬರೋಡಾ ಸಂಸ್ಥಾನವೂ 1949ರಲ್ಲಿ ಅದರೊಳಗೆ ಸೇರಿತ್ತು. ಹಳೆ ಮೈಸೂರಿನಲ್ಲಿ 1948ರ ಸೆಪ್ಟೆಂಬರಿನಲ್ಲಿ ಸರಕಾರಿ ಬಸ್ಸು ಹೊರಟಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿ ರಾಜ್ಯದ ಎಸ್.ಟಿ. ಹೊರಟಿತ್ತು. ಮುಂದೆ 1960ರ ಮೇ 1ರಂದು ಗುಜರಾತಿನ ಸಾರಿಗೆ ನಿಗಮವೂ 1961ರ ಆಗಸ್ಟ್ 1ರಂದು ನಮ್ಮ ಸಾರಿಗೆ ನಿಗಮವೂ ಸ್ಥಾಪನೆಯಾದವು. ಹೀಗಾಗಿ ಇಲ್ಲಿಯ ಬಸ್ಸಿನ ಕಥೆ ನಮಗೆ ಪರರ ಮನೆಯ ಕಥೆಯಲ್ಲ, ಪಾಲಾಗಿ ಬೇರೆ ಹೋದ ಅಣ್ಣತಮ್ಮಂದಿರ ಮನೆಯ ಕಥೆ.

ಎರಡೂ ನಿಗಮಗಳ ಮೂಲದಲ್ಲಿರುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಕಡತ ಓದುವ ವೃತ್ತಿಯ ಅಭ್ಯಾಸಬಲದಿಂದ ಒಮ್ಮೆ ಅದರ 18ನೆಯ ವಿಧಿಯನ್ನು ತೆಗೆದು ಓದಿದೆ. ನಿಗಮದ ಸಾಮಾನ್ಯ ಕರ್ತವ್ಯವೇನೆಂದು ಅಲ್ಲಿ ಹೇಳಿದೆ. ಸಾರಿಗೆ ದಕ್ಷವಾಗಿರಬೇಕು, ಸಾಕಷ್ಟಿರಬೇಕು, ಮಿತವ್ಯಯದ್ದಾಗಿರಬೇಕು, ಸುಸಂಘಟಿತವಾಗಿರಬೇಕು. ನಾಲ್ಕು ವಿಶೇಷಣಗಳಿವೆ, ‘ಸುರಕ್ಷಿತ’ ಎಂಬ ಐದನೆಯದು ಇಲ್ಲ. ಕಾಯ್ದೆ ಬರೆದವರಿಗೆ ಪ್ರಯಾಣಿಕರ ಜೀವದ ಬಗ್ಗೆ ಉದಾಸೀನವಿತ್ತೆಂದು ನಾನು ಹೇಳುವುದಿಲ್ಲ. ಬಸ್ಸು ಸರಕಾರದ್ದಾದ ಮೇಲೆ ಸುರಕ್ಷಿತವಾಗಿಯೇ ಇರುತ್ತದೆಂಬ ನಂಬಿಕೆ ಆ ಕಾಲದ್ದು. ನಂಬಿಕೆಯಿಂದ ಬಿಟ್ಟುಹೋದ ಆ ಶಬ್ದವನ್ನು ಮುಂದೆ ನಾವು ಬಸ್ಸಿನ ಮೈಮೇಲೆ ಬಣ್ಣದಿಂದ ಬರೆದೆವು. ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ.

ಸಾಯುವವರು ಯಾರು?

ಬಸ್ಸಿನ ಸುರಕ್ಷತೆಯೆಂದರೆ ಒಳಗೆ ಕುಳಿತವರ ಸುರಕ್ಷತೆ ಎಂದೇ ನಾವು ತಿಳಿಯುತ್ತೇವೆ. ಈ ಮೂರು ನಗರಗಳ ಅನುಭವ ಬೇರೆಯದನ್ನೇ ಹೇಳುತ್ತದೆ. 2019ರ ನವೆಂಬರಿನಲ್ಲಿ ಅಹಮದಾಬಾದಿನ ಪಾಂಜರಾಪೋಳ್ ಚೌಕದಲ್ಲಿ ಜನಮಾರ್ಗದ ಬಸ್ಸಿಗೆ ಸಿಕ್ಕಿ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಸೋದರರು ಒಟ್ಟಿಗೆ ತೀರಿಕೊಂಡರು. ಅದೇ ತಿಂಗಳಲ್ಲಿ ಸೂರತ್ತಿನಲ್ಲಿಯೂ ನಗರ ಬಸ್ಸು ಬಡಿದು ಮೋಟಾರ್ ಸೈಕಲ್ಲಿನಲ್ಲಿದ್ದವರು ಸತ್ತರು. 2022ರ ಮಾರ್ಚಿನಲ್ಲಿ ವಡೋದರಾದಲ್ಲಿ ನಗರ ಬಸ್ಸಿನ ನಿಲ್ದಾಣದ ಆವರಣದೊಳಗೇ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬಸ್ಸಿನಡಿ ಸಿಕ್ಕಿ ಅಸುನೀಗಿದಳು. ಈ ಮೂರೂ ಘಟನೆಗಳಲ್ಲಿ ಸತ್ತವರು ಬಸ್ಸಿನ ಹೊರಗಿದ್ದವರು.

ದೇಶದ ಒಟ್ಟು ಲೆಕ್ಕವೂ ಇದಕ್ಕೆ ಹೊಂದುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದವರು, ಸುಮಾರು 19 ಮಂದಿ ಕಾಲ್ನಡಿಗೆಯವರು. ಬಸ್ಸಿನೊಳಗಿದ್ದು ಸತ್ತವರ ಪಾಲು ಅತ್ಯಲ್ಪ. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಹತ್ತಿ ಕುಳಿತ ಮೇಲೆ ಬಸ್ಸಿಗಿಂತ ಸುರಕ್ಷಿತ ವಾಹನ ಸಾಮಾನ್ಯನಿಗೆ ಇನ್ನೊಂದಿಲ್ಲ. ಆದ್ದರಿಂದ ಅಪಘಾತದ ಭಯದಿಂದ ಬಸ್ಸನ್ನು ಬಿಟ್ಟು ಸ್ಕೂಟರ್ ಕೊಳ್ಳುವವನು ಅಪಾಯದಿಂದ ದೂರವಾಗುವುದಿಲ್ಲ, ಅದರ ಹತ್ತಿರಕ್ಕೆ ಹೋಗುತ್ತಾನೆ. ಎರಡನೆಯದಾಗಿ, ಬಸ್ಸಿನ ಸುರಕ್ಷತೆಯ ಪ್ರಶ್ನೆ ಬಸ್ಸಿನ ಬಾಗಿಲಿನಿಂದಾಚೆಗೇ, ನಿಲ್ದಾಣದಲ್ಲಿ, ರಸ್ತೆ ದಾಟುವಲ್ಲಿ, ಚೌಕದ ತಿರುವಿನಲ್ಲಿ ಹುಟ್ಟುತ್ತದೆ. ಅಂಥ ಸಾವಿಗೆ ಕಾರಣವಾದ ಬಸ್ಸಿನೊಳಗಿದ್ದವರಿಗೆ ಬಹುಶಃ ಒಂದು ಕುಲುಕಾಟದ ಅನುಭವವಷ್ಟೇ ಆಗಿರುತ್ತದೆ.

ಇಂಥ ಪ್ರತಿಯೊಂದು ಘಟನೆಯ ಅನಂತರ ನಡೆಯುವುದು ನಮಗೆಲ್ಲ ಬಾಯಿಪಾಠವಾಗಿದೆ. ಜನ ಸೇರುತ್ತಾರೆ, ಗಾಜು ಒಡೆಯುತ್ತದೆ, ಚಾಲಕನ ಬಂಧನವಾಗುತ್ತದೆ, ಒಂದು ಸಭೆ ನಡೆಯುತ್ತದೆ, ಕೆಲವು ವಾರ ಬಸ್ಸುಗಳು ಮೆಲ್ಲಗೆ ಓಡುತ್ತವೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ಕ್ರಮದಲ್ಲಿ ಬಾಗಿಲು ಕೂಡ ಬಹುದಿನ ಮುಚ್ಚಿರುವುದಿಲ್ಲ.

ಒಂದು ದೂರು, ಅದರ ಫಲ

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ಅತ್ತೆಯವರು ಧಾರವಾಡದಿಂದ ಬಂದು ನಮ್ಮಲ್ಲಿದ್ದರು. ಎಪ್ಪತ್ತು ದಾಟಿದ್ದರೂ, ಬಸ್ಸಿರುವಾಗ ಆಟೋ ಹತ್ತುವುದು ದುಂದುವೆಚ್ಚವೆಂದು ನಂಬಿದ ತಲೆಮಾರು ಅವರದು. ಒಂದು ಸಂಜೆ ನನ್ನ ಪತ್ನಿಯೊಡನೆ ದೇವಸ್ಥಾನಕ್ಕೆ ಹೋಗಿ ನಗರ ಬಸ್ಸಿನಲ್ಲಿ ಮರಳಿದರು. ಇಳಿಯುವಾಗ ಒಂದು ಕಾಲನ್ನು ನೆಲಕ್ಕೆ ಊರಿ, ಇನ್ನೊಂದು ಕಾಲು ಮೆಟ್ಟಿಲ ಮೇಲಿರುವಾಗಲೇ ಬಸ್ಸು ಹೊರಟುಬಿಟ್ಟಿತು. ಬಿದ್ದರು; ಸೊಂಟದ ಮೂಳೆ ಮುರಿಯಿತು. ಈ ಮೂರು ನಗರಗಳಲ್ಲಿ ಅದು ಯಾವುದೆಂದು ಹೇಳುವುದಿಲ್ಲ. ಅದು ಎಲ್ಲಿಯೂ ಆಗಬಹುದಾಗಿದ್ದದ್ದು, ಆಗುತ್ತಿರುವುದು.

ಶಸ್ತ್ರಚಿಕಿತ್ಸೆಯಾದ ಮರುದಿನ ಹಾಸಿಗೆಯಲ್ಲಿ ಮಲಗಿಕೊಂಡೇ ಅವರು ಕೇಳಿದರು: “ಅಲ್ರೀ, ಇಲ್ಲೆ ರೈಟ್ ಅನ್ನಾವ್ರು ಯಾರೂ ಇಲ್ಲೇನ್ರಿ?”

ನಮ್ಮ ಕಡೆಯ ಬಸ್ಸುಗಳಲ್ಲಿ ಕಂಡಕ್ಟರು ‘ಹೋಲ್ಡಾನ್’ ಎಂದರೆ ನಿಲ್ಲುತ್ತದೆ, ‘ರೈಟ್’ ಎಂದರೆ ಹೊರಡುತ್ತದೆ. ಹತ್ತುವ ಮುದುಕಿಯ ಗಂಟು ಒಳಗೆ ಬಂತೇ, ಇಳಿಯುವ ಮಗುವಿನ ಕೈಯನ್ನು ತಾಯಿ ಹಿಡಿದಳೇ ಎಂದು ನೋಡಿ ಹೇಳುವ ಮಾತು ಅದು. ನಮ್ಮಲ್ಲಿಯೂ ಎಲ್ಲ ಕಂಡಕ್ಟರುಗಳೂ ಹಾಗೆ ನೋಡಿಯೇ ಹೇಳುತ್ತಾರೆಂದಲ್ಲ. ಆದರೆ ಬಸ್ಸು ಹೊರಡಲು ಚಾಲಕನಲ್ಲದ ಇನ್ನೊಬ್ಬನ ಒಪ್ಪಿಗೆ ಬೇಕೆಂಬ ಪದ್ಧತಿಯೇ ಒಂದು ರಕ್ಷಣೆಯಾಗಿತ್ತು.

ನಾನು ದೂರು ಬರೆದೆ. ಸರಕಾರಿ ಅಧಿಕಾರಿ ಬರೆದ ದೂರು. ದಿನಾಂಕ, ವೇಳೆ, ಮಾರ್ಗದ ಸಂಖ್ಯೆ ಎಲ್ಲವೂ ಇತ್ತು. ಸುಮಾರು ಒಂದು ತಿಂಗಳಲ್ಲಿ ಉತ್ತರ ಬಂತು: ಸಂಬಂಧಪಟ್ಟ ಚಾಲಕನನ್ನು ಕೆಲಸದಿಂದ ತೆಗೆಯಲಾಗಿದೆ. ನ್ಯಾಯ ದೊರೆಯಿತೆಂದು ಆ ಪತ್ರವನ್ನು ಪತ್ನಿಗೆ ತೋರಿಸಿದೆ. ಅವಳು ಓದಿ ಮಡಿಚಿಟ್ಟು, “ಆ ಹುಡುಗನ್ನ ತಗದ್ರ ಮುಂದಿನ ಬಸ್ಸು ನಿಲ್ತದೇನ್ರಿ?” ಎಂದಳು.

ಆ ಮಾತು ಕೊರೆಯುತ್ತಲೇ ಇದ್ದುದರಿಂದ ಒಂದು ದಿನ ಆ ಬಸ್ಸಿನ ಡಿಪೋಗೆ ಹೋದೆ. ಅಲ್ಲಿಯ ಒಬ್ಬ ಹಿರಿಯ ನೌಕರರು ಚಹ ತರಿಸಿ, ಆ ಮಾರ್ಗದ ವೇಳಾಪಟ್ಟಿಯನ್ನು ತೋರಿಸಿದರು. ಒಂದು ಸುತ್ತಿಗೆ ಬರೆದಿದ್ದ ಸಮಯ ನಲವತ್ತು ನಿಮಿಷ. ಸಂಜೆಯ ಜನಸಂದಣಿಯಲ್ಲಿ ಐವತ್ತೈದಕ್ಕಿಂತ ಕಡಿಮೆಯಲ್ಲಿ ಯಾರೂ ಮುಗಿಸಿದ್ದಿಲ್ಲವೆಂದು ಅವರೇ ಹೇಳಿದರು. ಸುತ್ತು ತಪ್ಪಿದರೆ ಗುತ್ತಿಗೆದಾರನಿಗೆ ದಂಡ. ಅದು ಇಳಿದು ಬಂದು ನಿಲ್ಲುವುದು ಚಾಲಕನ ಸಂಬಳದ ಮೇಲೆ. ಆ ದಿನ ಎರಡನೆಯ ಪಾಳಿಯವನು ಬರದಿದ್ದುದರಿಂದ ಆ ಹುಡುಗ ನಸುಕಿನಿಂದಲೂ ಬಂಡಿಯ ಮೇಲೆಯೇ ಇದ್ದನಂತೆ. ನನ್ನ ದೂರು ಸುಳ್ಳಾಗಿರಲಿಲ್ಲ, ಆದರೆ ಅಪೂರ್ಣವಾಗಿತ್ತು. ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿಸಿ ಬಂದವನು ನಾನೇ ಎಂಬ ಅರಿವು ಇಂದಿಗೂ ಹೋಗಿಲ್ಲ.

ಕಾಗದದಲ್ಲಿ ಹುಟ್ಟುವ ಅವಸರ

ಅಂದಿನಿಂದ ನನಗೆ ಖಚಿತವಾದ ಸಂಗತಿ ಇಷ್ಟು: ಚಾಲಕನ ಕಾಲಿನಲ್ಲಿ ಕಾಣುವ ಅವಸರ ಹುಟ್ಟುವುದು ಕಾಗದದ ಮೇಲೆ. ಅಹಮದಾಬಾದಿನ ಮುನ್ಸಿಪಲ್ ಸಾರಿಗೆ 1947ರ ಏಪ್ರಿಲ್ 1ರಂದು, ಸ್ವಾತಂತ್ರ್ಯಕ್ಕೂ ಮೊದಲೇ, ನಗರದ ಸ್ವಂತ ಬಸ್ಸುಗಳಿಂದ ಆರಂಭವಾದ ಸಂಸ್ಥೆ. ಇಂದು ಅದರ ಹೆಸರಿನಲ್ಲಿ ಓಡುವ ಬಸ್ಸುಗಳಲ್ಲಿ ಬಹುಪಾಲು ಗುತ್ತಿಗೆದಾರರವು. 2009ರ ಅಕ್ಟೋಬರಿನಲ್ಲಿ ಆರಂಭವಾದ ಜನಮಾರ್ಗವೂ 2014ರ ಜನವರಿಯಲ್ಲಿ ಆರಂಭವಾದ ಸೂರತ್ತಿನ ಬಿ.ಆರ್.ಟಿ.ಎಸ್. ಕೂಡ ಓಡುವುದು ಗುತ್ತಿಗೆಯ ಮೇಲೆ. ಇಂಥ ಒಪ್ಪಂದಗಳಲ್ಲಿ ಗುತ್ತಿಗೆದಾರನಿಗೆ ಓಡಿಸಿದ ಕಿಲೋಮೀಟರ್ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ಓಡದ ಕಿಲೋಮೀಟರಿಗೆ ಹಣವಿಲ್ಲ.

ಇದನ್ನು ನಾನು ಖಾಸಗಿಯವರ ವಿರುದ್ಧದ ವಾದವಾಗಿ ಹೇಳುತ್ತಿಲ್ಲ. ಕಿಲೋಮೀಟರ್ ಪದ್ಧತಿಗೆ ಒಂದು ಗುಣವೂ ಇದೆ. ಮಂಗಳೂರು, ಉಡುಪಿಗಳ ಖಾಸಗಿ ಬಸ್ಸುಗಳನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಟಿಕೆಟ್ಟಿನ ಹಣವೇ ಬಸ್ಸಿನ ಜೀವನ. ಮುಂದಿನ ನಿಲ್ದಾಣದ ಪ್ರಯಾಣಿಕರನ್ನು ಹಿಂದಿನ ಬಸ್ಸಿನವನು ಎತ್ತಿಕೊಂಡುಬಿಡುತ್ತಾನೆಂಬ ಆತಂಕದಲ್ಲಿ ಸೀಟಿ, ಹಾರನ್ನು, ಟೈಮಿನ ಜಗಳ, ಪೈಪೋಟಿಯ ಓಟ. ಕಿಲೋಮೀಟರ್ ಲೆಕ್ಕದವನಿಗೆ ಪ್ರಯಾಣಿಕರನ್ನು ಕಸಿದುಕೊಳ್ಳಬೇಕಾದ ಅಗತ್ಯವಿಲ್ಲ. ಆದರೆ ಅವನಿಗೆ ಇನ್ನೊಂದು ಬಗೆಯ ಅವಸರ ಅಂಟಿಕೊಳ್ಳುತ್ತದೆ: ಬರೆದ ಸುತ್ತುಗಳನ್ನು ಮುಗಿಸುವ ಅವಸರ. ಅಲ್ಲಿ ಪ್ರಯಾಣಿಕ ಬೇಟೆಯಾದರೆ ಇಲ್ಲಿ ಅವನು ತಡೆಯಾಗುತ್ತಾನೆ. ಮೆಲ್ಲಗೆ ಇಳಿಯುವ ಮುದುಕಿ ವೇಳಾಪಟ್ಟಿಯ ವೈರಿಯಾಗುತ್ತಾಳೆ.

ಆದಕಾರಣ ನಾವು ಕೇಳಬೇಕಾದದ್ದು ಚಾಲಕನಿಗೆ ಏನು ಶಿಕ್ಷೆಯಾಯಿತೆಂದು ಮಾತ್ರವಲ್ಲ. ಈ ಮಾರ್ಗಕ್ಕೆ ಇಷ್ಟು ನಿಮಿಷವೆಂದು ಬರೆದವರು ಯಾರು, ಕೊನೆಯ ಸಲ ಅದನ್ನು ಪರಿಷ್ಕರಿಸಿದ್ದು ಯಾವಾಗ, ದಂಡದ ಪಟ್ಟಿಯಲ್ಲಿ ತಡವಾದುದಕ್ಕೆ ಎಷ್ಟು, ಬಾಗಿಲು ತೆರೆದೇ ಓಡಿಸಿದ್ದಕ್ಕೆ ಎಷ್ಟು ಎಂದೂ ಕೇಳಬೇಕು. ಹೊಸ ಬಸ್ಸುಗಳು ಎಲ್ಲಿವೆ, ಎಷ್ಟು ವೇಗದಲ್ಲಿವೆ ಎಂಬುದನ್ನು ಗುರುತಿಸುವ ಉಪಕರಣ 2019ರಿಂದ ಕಡ್ಡಾಯವಾಗಿದೆ. ಯಾವ ಮಾರ್ಗಕ್ಕೆ ಯಾವ ಹೊತ್ತಿನಲ್ಲಿ ನಿಜವಾಗಿ ಎಷ್ಟು ಸಮಯ ಹಿಡಿಯುತ್ತದೆಂಬ ಮಾಹಿತಿ ಹಾಗಾಗಿ ಕಚೇರಿಯಲ್ಲಿಯೇ ಲಭ್ಯ. ಬೆಳಗಿನ ಏಳಕ್ಕೊಂದು, ಸಂಜೆಯ ಏಳಕ್ಕೊಂದು ಸಮಯ ಬರೆಯಲು ಹೊಸ ಯಂತ್ರ ಬೇಕಿಲ್ಲ.

ಸಮಯ ಹೆಚ್ಚಿಸಿದರೆ ಬಸ್ಸು ನಿಧಾನವಾಗಿ ಜನ ಅದನ್ನು ಬಿಡುತ್ತಾರೆಂಬುದು ಇದಕ್ಕೆ ಬರುವ ಆಕ್ಷೇಪಣೆ. ಲೆಕ್ಕ ಹಾಕಿ ನೋಡೋಣ. ಹತ್ತು ಕಿಲೋಮೀಟರಿನ ಮಾರ್ಗದಲ್ಲಿ ತಡೆಯಿಲ್ಲದೆ ಓಡುವ ಅವಕಾಶ ಅರ್ಧದಷ್ಟಿದೆಯೆಂದು ಇಟ್ಟುಕೊಳ್ಳಿ. ಆ ಐದು ಕಿಲೋಮೀಟರನ್ನು ಗಂಟೆಗೆ 40ರ ಬದಲು 50 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಉಳಿಯುವುದು ಒಂದೂವರೆ ನಿಮಿಷ. ಅದಕ್ಕೆ ಪ್ರತಿಯಾಗಿ ಎದುರಿಗೆ ಸಿಕ್ಕವನಿಗೆ ಬಡಿಯುವ ಶಕ್ತಿಯೂ ಒಂದೂವರೆ ಪಟ್ಟಾಗುತ್ತದೆ. ಗಂಟೆಗೆ 50ರಲ್ಲಿರುವ ಬಸ್ಸು ಚಾಲಕ ಅಪಾಯವನ್ನು ಕಂಡು ಬ್ರೇಕ್ ಮುಟ್ಟುವ ಒಂದೇ ಕ್ಷಣದಲ್ಲಿ 14 ಮೀಟರ್ ಮುಂದೆ ಹೋಗಿರುತ್ತದೆ. ಬಸ್ಸಿನ ವೇಳೆ ನಿಜವಾಗಿ ಹಾಳಾಗುವುದು ಟಿಕೆಟ್ ಕೊಡುವಲ್ಲಿ, ಎತ್ತರದ ಮೆಟ್ಟಿಲು ಹತ್ತುವಲ್ಲಿ, ಅಡ್ಡ ನಿಂತ ವಾಹನಗಳ ಹಿಂದೆ ಕಾಯುವಲ್ಲಿ. ಇವನ್ನು ತಪ್ಪಿಸಬಹುದೆಂದು ತೋರಿಸಿದ್ದು ಜನಮಾರ್ಗವೇ: ನಿಲ್ದಾಣದಲ್ಲಿಯೇ ಟಿಕೆಟ್ಟು, ಬಸ್ಸಿನ ನೆಲಕ್ಕೆ ಸಮನಾದ ಕಟ್ಟೆ, ಪ್ರತ್ಯೇಕ ಪಥ. ವೇಗ ಹೆಚ್ಚಿಸದೆಯೇ ವೇಳೆ ಉಳಿಸುವ ವಿದ್ಯೆ ಈ ನಗರಗಳಿಗೆ ಗೊತ್ತಿದೆ.

ನಡುರಸ್ತೆಯ ನಿಲ್ದಾಣ

ಜನಮಾರ್ಗದ ಸಾಧನೆಯನ್ನು ಮನಸಾರೆ ಒಪ್ಪಬೇಕು. ದೆಹಲಿಯಲ್ಲಿ 2008ರಲ್ಲಿ ಹಾಕಿದ ಬಸ್ ಪಥವನ್ನು 2016ರಲ್ಲಿ ಕಿತ್ತು ಹಾಕಿದರು. ಅಹಮದಾಬಾದಿನದು ಉಳಿಯಿತು, ಬೆಳೆಯಿತು. ನಮ್ಮ ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ‘ಚಿಗರಿ’ ಬಸ್ಸು 2018ರಿಂದ ಓಡತೊಡಗಿದ್ದೂ ಇದೇ ಕ್ರಮದಲ್ಲಿ. ಆದರೆ ಈ ಕ್ರಮದಲ್ಲಿ ನಿಲ್ದಾಣ ರಸ್ತೆಯ ನಡುವೆ ಇರುತ್ತದೆ. ಹತ್ತುವವನು ಅರ್ಧ ರಸ್ತೆ ದಾಟಿಯೇ ಬಸ್ಸನ್ನು ಮುಟ್ಟಬೇಕು, ಇಳಿದವನು ಇನ್ನರ್ಧವನ್ನೋ ಬಂದ ಅರ್ಧವನ್ನೋ ದಾಟಿಯೇ ಮನೆ ಸೇರಬೇಕು. ನಿಲ್ದಾಣದೊಳಗೆ ತಾನಾಗಿ ತೆರೆಯುವ ಗಾಜಿನ ಬಾಗಿಲುಂಟು. ನಿಲ್ದಾಣಕ್ಕೆ ಹೋಗುವ ಹತ್ತು ಹೆಜ್ಜೆಯಲ್ಲಿ ಎಷ್ಟೋ ಕಡೆ ದೀಪವೂ ಇಲ್ಲ, ತಡೆಯೂ ಇಲ್ಲ. ಕೈಯೆತ್ತಿ, ಎದುರು ಬರುವ ವಾಹನದವನ ಕಣ್ಣನ್ನೇ ನೋಡುತ್ತಾ ದಾಟುವುದು ಈ ನಗರಗಳಲ್ಲಿ ಒಂದು ಕಲೆಯಾಗಿಬಿಟ್ಟಿದೆ. ಆ ಕಲೆ ಮುದುಕರಿಗೂ ಮಕ್ಕಳಿಗೂ ಬರುವುದಿಲ್ಲ.

ಇಲ್ಲಿ ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಸ್ಸಿನ ಪಥ ಖಾಲಿ ಕಂಡರೆ ಸ್ಕೂಟರನ್ನು ಒಳಗೆ ತಿರುಗಿಸುವವರಲ್ಲಿ ನಮ್ಮ ಸಂಘದ ಸದಸ್ಯರೂ ಇದ್ದಾರೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಬಸ್ಸಿನ ಚಾಲಕ ಖಾಲಿ ಇರಲೇಬೇಕಾದ ದಾರಿಯೆಂದು ನಂಬಿ ಬರುತ್ತಿರುತ್ತಾನೆ. ಆ ನಂಬಿಕೆಗೆ ನಾವು ದ್ರೋಹ ಮಾಡಿದಾಗ ಅಪಘಾತದ ಅವಸರ ನಮ್ಮದೇ ಆಗಿರುತ್ತದೆ. ಆದರೂ ಒಂದು ಮಾತನ್ನು ಮರೆಯಬಾರದು. ಜನ ತಪ್ಪು ಮಾಡುತ್ತಾರೆಂದು ತಿಳಿದೇ ರಸ್ತೆಯನ್ನು ಕಟ್ಟಬೇಕು. ಯಾವ ತಪ್ಪಿಗೂ ಮರಣದಂಡನೆಯಾಗದಂತೆ ಕಟ್ಟಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ವಿಧಿಯಂತೆ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದೆ ಸಾವುನೋವಿಗೆ ಕಾರಣರಾದ ಅಧಿಕಾರಿ, ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಮೊತ್ತ ಅಲ್ಪವಾದರೂ ತತ್ತ್ವ ದೊಡ್ಡದು.

ಸ್ಟಿಯರಿಂಗಿನ ಹಿಂದಿರುವವನು

ಸಾರಿಗೆ ಚಾಲಕನಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂಬ ಸಾಮಾನ್ಯ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿತ್ತು. ಆ ಕಾಯ್ದೆಯ ಸ್ಥಾನಕ್ಕೆ ಬಂದ 2020ರ ಸಂಹಿತೆಯೂ ಎಂಟು ಗಂಟೆಯ ದಿನವನ್ನು ಉಳಿಸಿಕೊಂಡಿದೆ. ಕಾನೂನಿನ ಕೊರತೆಯಿಲ್ಲ, ಎರಡನೆಯ ಪಾಳಿಯವನು ಬರದ ದಿನ ಯಾರು ಎಣಿಸುತ್ತಾರೆಂಬುದೇ ಪ್ರಶ್ನೆ.

ನಮ್ಮ ನಿಗಮದಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಐದು ವರ್ಷ ಅಪಘಾತವಿಲ್ಲದೆ ಓಡಿಸಿದ ಚಾಲಕನಿಗೆ ಬೆಳ್ಳಿಯ ಪದಕ, ಹದಿನೈದು ವರ್ಷಕ್ಕೆ ಚಿನ್ನದ ಪದಕ. ಸಮವಸ್ತ್ರದ ಎದೆಯ ಮೇಲೆ ಆ ಪದಕ ಧರಿಸಿದ ಚಾಲಕರನ್ನು ಕಂಡಾಗ ನನಗೆ ವಿದ್ವಾಂಸರನ್ನು ಕಂಡಷ್ಟೇ ಗೌರವವೆನಿಸುತ್ತದೆ. ಆದರೆ ಹದಿನೈದು ವರ್ಷದ ಪದಕ ದೊರೆಯಬೇಕಾದರೆ ಹದಿನೈದು ವರ್ಷದ ನೌಕರಿ ಇರಬೇಕು. ಟೆಂಡರಿನ ಅವಧಿ ಮುಗಿದಾಗಲೆಲ್ಲ ಬದಲಾಗುವ ಗುತ್ತಿಗೆಯಲ್ಲಿ ಚಾಲಕನ ಅನುಭವವನ್ನು ಎಣಿಸುವವರೇ ಇಲ್ಲ. ನಮ್ಮ ನಿಗಮ ತನ್ನ ಬಸ್ಸಿನಲ್ಲಿ ಅಪಘಾತಕ್ಕೀಡಾಗಿ ಮೃತರಾದ ಪ್ರಯಾಣಿಕರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 2024ರ ಜನವರಿ 1ರಿಂದ 3 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತು. ಶ್ಲಾಘನೀಯವೇ. ಆದರೆ ಪರಿಹಾರ ಸತ್ತ ಮೇಲಿನ ಮಾತು, ಪದಕ ಬದುಕಿಸಿದವನ ಮಾತು. ನನ್ನ ಒಲವು ಪದಕದ ಕಡೆಗೆ.

ರಾತ್ರಿಯ ದೂರದ ಬಸ್ಸುಗಳ ಬಗ್ಗೆಯೂ ಇಲ್ಲಿಯೇ ಒಂದು ಮಾತು. ದೀಪಾವಳಿ ಬಂತೆಂದರೆ ಸೂರತ್ತಿನ ವಜ್ರದ ಕೆಲಸಗಾರರು ಸೌರಾಷ್ಟ್ರಕ್ಕೆ ಹೊರಡುವಂತೆ, ರೈಲಿನ ಟಿಕೆಟ್ಟು ಸಿಗದ ನಾವೂ ಮಲಗುವ ಬಸ್ಸು ಹಿಡಿದು ಊರಿಗೆ ಹೊರಡುತ್ತೇವೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮೆಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಉರಿದು 45 ಮಂದಿ ಸತ್ತರು. ಎರಡೇ ವಾರದಲ್ಲಿ, ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಬಸ್ಸು ಹಾವೇರಿಯ ಬಳಿ ಉರಿದು ಏಳು ಮಂದಿ ಸತ್ತರು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಉರಿದು ಸುಮಾರು 20 ಮಂದಿ ಸತ್ತರು. ಮೂರೂ ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವುದರೊಳಗೆ, ಪ್ರಯಾಣಿಕರು ನಿದ್ರೆಯಲ್ಲಿದ್ದಾಗ ನಡೆದವು. ಬಸ್ಸು ಹತ್ತಿದಾಗ ತುರ್ತು ಬಾಗಿಲು ಎಲ್ಲಿದೆ, ಅದರ ಮುಂದೆ ಸಾಮಾನು ಪೇರಿಸಿದ್ದಾರೆಯೇ, ಗಾಜು ಒಡೆಯುವ ಸುತ್ತಿಗೆ ಇದೆಯೇ, ಎರಡನೆಯ ಚಾಲಕನಿದ್ದಾನೆಯೇ ಎಂಬ ನಾಲ್ಕು ಪ್ರಶ್ನೆ ಕೇಳಲು ಸಂಕೋಚ ಬೇಡ. ನೀರಿನ ಬಾಟಲಿ ಕೊಟ್ಟರೇ ಎಂದು ಕೇಳುವವರು ಇದನ್ನೂ ಕೇಳಬಹುದು.

ಲೆಕ್ಕ ಕೇಳುವ ಹಕ್ಕು

ಲಂಡನ್ನಿನ ನಗರ ಬಸ್ಸುಗಳನ್ನು ಓಡಿಸುವವರೂ ಖಾಸಗಿ ಗುತ್ತಿಗೆದಾರರೇ. ಆದರೆ ಅಲ್ಲಿಯ ಸಾರಿಗೆ ಪ್ರಾಧಿಕಾರ ಬಸ್ಸಿನಿಂದ ಯಾರಿಗೆ ಪೆಟ್ಟಾಯಿತೆಂಬ ವಿವರವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಬಸ್ಸಿನೊಳಗೆ ಜಾರಿ ಬಿದ್ದವರೂ ಅದರಲ್ಲಿ ಬರುತ್ತಾರೆ. ರಸ್ತೆಯ ಮಿತಿಯನ್ನು ಮೀರದಂತೆ ಬಸ್ಸೇ ವೇಗವನ್ನು ತಡೆಯುವ ಏರ್ಪಾಡನ್ನು 2018ರಲ್ಲಿ ಘೋಷಿಸಿದ ಸುರಕ್ಷತಾ ಮಾನದಂಡದಲ್ಲಿ ಸೇರಿಸಿತು. 2030ರ ಹೊತ್ತಿಗೆ ಬಸ್ಸಿನಲ್ಲಾಗಲಿ ಬಸ್ಸಿನಿಂದಾಗಲಿ ಒಬ್ಬರೂ ಸಾಯಬಾರದೆಂಬ ಗುರಿ ಅದರದು. ಗುರಿ ಮುಟ್ಟುತ್ತದೋ ಇಲ್ಲವೋ, ಎಣಿಸತೊಡಗಿದ್ದು ಮುಖ್ಯ. ಎಣಿಸದ ಸಾವು ಎರಡು ದಿನದ ಸುದ್ದಿ. ಎಣಿಸಿದ ಸಾವು ಒಬ್ಬ ಅಧಿಕಾರಿಯ ಮೇಜಿನ ಮೇಲಿನ ಉತ್ತರ ಕೊಡಬೇಕಾದ ಕಾಗದ. ಮೂರು ದಶಕ ಕಡತಗಳ ನಡುವೆ ಬದುಕಿದವನಾಗಿ ಈ ವ್ಯತ್ಯಾಸವನ್ನು ನಾನು ಬಲ್ಲೆ.

ಸೇವಾ ನಿಯಮಗಳ ಚೌಕಟ್ಟಿನಲ್ಲಿರುವ ನಾನು ಚಳವಳಿಗೆ ಕರೆಕೊಡಲಾರೆ, ಕೊಡಬೇಕಾಗಿಯೂ ಇಲ್ಲ. ಲೆಕ್ಕ ಕೇಳುವುದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ. ಮೂರು ನಗರಗಳ ಕನ್ನಡ ಸಂಘಗಳು ಸೇರಿ ಮಾಡಬಹುದಾದದ್ದು ಇಷ್ಟು.

ಮೊದಲನೆಯದಾಗಿ, ಪ್ರತಿ ಸಂಘದ ಕಚೇರಿಯಲ್ಲಿ ಒಂದು ನೋಟುಪುಸ್ತಕವಿಡೋಣ. ಬಸ್ಸಿನಿಂದ ಬಿದ್ದ, ದಾಟುವಾಗ ಕೂದಲೆಳೆಯಲ್ಲಿ ತಪ್ಪಿದ ಪ್ರತಿ ಘಟನೆಯ ದಿನ, ವೇಳೆ, ಮಾರ್ಗ, ನಿಲ್ದಾಣಗಳನ್ನು ಸದಸ್ಯರು ಬರೆಯಲಿ. ಒಂದು ವರ್ಷದಲ್ಲಿ ಯಾವ ನಿಲ್ದಾಣ, ಯಾವ ವೇಳೆ ಅಪಾಯಕಾರಿಯೆಂದು ತಾನಾಗಿ ತಿಳಿಯುತ್ತದೆ. ಎರಡನೆಯದಾಗಿ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮೂರೂ ಮಹಾನಗರಪಾಲಿಕೆಗಳಿಗೆ ಗುಜರಾತಿಯಲ್ಲಿಯೇ ಅರ್ಜಿ ಹಾಕಿ ಕೇಳೋಣ: ಕಳೆದ ಐದು ವರ್ಷಗಳಲ್ಲಿ ನಗರ ಬಸ್ಸುಗಳಿಂದ ಸತ್ತವರೆಷ್ಟು, ಅವರಲ್ಲಿ ಹೊರಗಿದ್ದವರೆಷ್ಟು, ಮಾರ್ಗಗಳ ವೇಳೆ ಪರಿಷ್ಕರಣೆ ಯಾವಾಗ ಆಯಿತು, ಚಾಲಕರ ಕೆಲಸದ ಗಂಟೆಗಳನ್ನು ಯಾರು ಪರೀಕ್ಷಿಸುತ್ತಾರೆ. ಮೂರನೆಯದಾಗಿ, ಪ್ರತಿವರ್ಷ ಪಾಲಿಕೆಯ ಸಾರಿಗೆ ಮುಂಗಡಪತ್ರ ಮಂಡನೆಯಾಗುವ ಮೊದಲು ಒಂದು ಮನವಿ ಕೊಡೋಣ. ಬೇಡಿಕೆಗಳು ಮೂರೇ ಸಾಕು: ಬಾಗಿಲು ಮುಚ್ಚದೆ ಚಲಿಸಲಾರದ ಬಸ್ಸು, ಪ್ರತಿ ನಡುರಸ್ತೆಯ ನಿಲ್ದಾಣಕ್ಕೆ ಕಾಲ್ನಡಿಗೆಯವರ ಸಿಗ್ನಲ್ ದೀಪ, ಮೂರು ತಿಂಗಳಿಗೊಮ್ಮೆ ಅಪಘಾತಗಳ ಲೆಕ್ಕದ ಪ್ರಕಟಣೆ. ನಾಲ್ಕನೆಯದಾಗಿ, ಅಪಘಾತಕ್ಕೀಡಾದ ಕನ್ನಡ ಕುಟುಂಬಗಳಿಗೆ ಆಸರೆಯಾಗೋಣ. ಪೋಲೀಸರ ಕಾಗದ ಗುಜರಾತಿಯಲ್ಲಿರುತ್ತದೆ, ಮನೆಯ ಹಿರಿಯರು ಊರಿನಲ್ಲಿರುತ್ತಾರೆ. ಪರಿಹಾರದ ಅರ್ಜಿಗೆ ತಿದ್ದುಪಡಿಯಾದ ಕಾನೂನು ಆರು ತಿಂಗಳ ಮಿತಿ ಹೇಳುತ್ತದೆ, ದುಃಖದಲ್ಲಿರುವವರಿಗೆ ಅದು ಬೇಗನೆ ಕಳೆದುಹೋಗುತ್ತದೆ. ಗುಜರಾತಿ ಬಲ್ಲ ಒಬ್ಬ ಸದಸ್ಯರೂ ಒಬ್ಬ ವಕೀಲರೂ ಜೊತೆಗಿದ್ದರೆ ಎಷ್ಟೋ ಭಾರ ಇಳಿದೀತು.

ಹೊರನಾಡಿಗರಾದ ನಮಗೇಕೆ ಇಲ್ಲಿಯ ಉಸಾಬರಿ ಎನ್ನುವ ಮಿತ್ರರಿದ್ದಾರೆ. ನಮ್ಮ ಮಕ್ಕಳು ಹುಟ್ಟಿದ್ದು, ಬಸ್ಸಿನಲ್ಲಿ ಶಾಲೆಗೆ ಹೋಗಿದ್ದು ಇಲ್ಲಿ. ತೆರಿಗೆ ಕಟ್ಟುವುದು, ಮತ ಹಾಕುವುದು ಇಲ್ಲಿ. ಅತಿಥಿಯಂತೆ ಅಂಚಿನಲ್ಲಿ ಕುಳಿತವನಿಗೆ ಮರ್ಯಾದೆ ಸಿಗಬಹುದು, ದಾರಿ ಸಿಗುವುದಿಲ್ಲ. ನಾವು ಕೇಳುವ ದೀಪ ಹೊತ್ತಿದರೆ ಅದರ ಬೆಳಕಿನಲ್ಲಿ ದಾಟುವವರು ಎಲ್ಲ ಭಾಷೆಯವರು.

ಅತ್ತೆಯವರು ಈಗ ಕೋಲು ಹಿಡಿದು ನಡೆಯುತ್ತಾರೆ. ಮತ್ತೆ ಗುಜರಾತಿಗೆ ಬರುವ ಮಾತೆತ್ತುವುದಿಲ್ಲ. ಹಬ್ಬಹರಿದಿನದಲ್ಲಿ ಫೋನು ಮಾಡಿದಾಗ ಎಲ್ಲರ ಕ್ಷೇಮ ಕೇಳಿ ಕೊನೆಗೆ, “ಬಸ್ಸಿನ್ಯಾಗ ರೈಟ್ ಅನ್ನಾವ್ರು ಬಂದ್ರೇನ್ರಿ?” ಎಂದು ನಗುತ್ತಾರೆ. ಆ ಚಾಲಕ ಹುಡುಗ ಎಲ್ಲಿದ್ದಾನೋ ನನಗೆ ತಿಳಿಯದು. ಅಂದು ಅವನೊಬ್ಬನ ಮೇಲೆ ಹೊರಿಸಿದ ದೂರನ್ನು ಪೂರ್ಣಗೊಳಿಸುವ ಪ್ರಯತ್ನ ಈ ಲೇಖನ. ಮುಂದಿನ ಅರ್ಜಿಗೆ ನನ್ನೊಬ್ಬನ ಸಹಿ ಸಾಲದು. ಸಂಘದ ಮುಂದಿನ ಮಾಸಿಕ ಸಭೆಗೆ ಆ ನೋಟುಪುಸ್ತಕವನ್ನು ನಾನೇ ತರುತ್ತೇನೆ. ಮೊದಲ ಪುಟದಲ್ಲಿ ಅತ್ತೆಯವರ ಘಟನೆಯನ್ನು ಬರೆದಿಡುತ್ತೇನೆ. ಎರಡನೆಯ ಪುಟ ನಿಮ್ಮದು.